ಹಗಲು ಹೊತ್ತು ಬಾರದ ವೈಫೈ

ಈ ಊರಿಗೆ ಬಂದ ಹೊಸದರಲ್ಲಿ ನಮ್ಮ ಬೀದಿಯ ಒಬ್ಬರ ಮುಖವನ್ನೂ ನಾನು ಸರಿಯಾಗಿ ನೋಡಿರಲಿಲ್ಲ. ಆದರೆ ಎಲ್ಲರ ವೈಫೈ ಹೆಸರೂ ಬಾಯಿಪಾಠವಾಗಿತ್ತು. ಫೋನಿನಲ್ಲಿ ವೈಫೈ ಒತ್ತಿದರೆ ಸಾಕು, ಪರದೆಯ ಮೇಲೆ ಅಕ್ಕಪಕ್ಕದವರೆಲ್ಲ ಸಾಲಾಗಿ ಬಂದು ನಿಲ್ಲುತ್ತಿದ್ದರು. ಒಬ್ಬರು ನಾಯಿಯ ಹೆಸರಿಟ್ಟಿದ್ದರು, ಒಬ್ಬರು ಫುಟ್‌ಬಾಲ್ ತಂಡದ್ದು, ಇನ್ನೊಬ್ಬ ಪುಣ್ಯಾತ್ಮ 'ನಿಮ್ಮದು ನೀವು ಹಾಕಿಸಿಕೊಳ್ಳಿ' ಎಂದೇ ಇಟ್ಟಿದ್ದ. ಪ್ರತಿ ಹೆಸರಿನ ಪಕ್ಕದಲ್ಲೂ ಒಂದು ಪುಟ್ಟ ಬೀಗದ ಗುರುತು. ಮಂಡ್ಯದಲ್ಲಿ ಎದುರು ಮನೆಯ ತಿಂಡಿ ಏನೆಂದು ಒಗ್ಗರಣೆ ವಾಸನೆಯಲ್ಲೇ ಹೇಳುತ್ತಿದ್ದವಳು ನಾನು. ಇಲ್ಲಿ ನೆರೆಹೊರೆಯೆಂದರೆ ಬೀಗ ಹಾಕಿದ ಹೆಸರುಗಳ ಪಟ್ಟಿ ಅಷ್ಟೇ.

ನಾವಿರುವ ನೋವೈ ಅಮೆರಿಕದ ಡೆಟ್ರಾಯಿಟ್‌ನ ಹೊರವಲಯದ ಊರು. ಕಾರು ತಯಾರಿಸುವ ಕಂಪನಿಗಳು ಸುತ್ತಲೂ ಇರುವುದರಿಂದ ನಮ್ಮ ಕಡೆಯ ಎಂಜಿನಿಯರುಗಳು ಬೇಕಾದಷ್ಟು ಜನ ಇದ್ದಾರೆ. ಬಾಲಾಜಿ ದೇವಸ್ಥಾನವಿದೆ, ನಮ್ಮ ದಿನಸಿ ಅಂಗಡಿಗಳಿವೆ, ಹುಡುಕಿದರೆ ಸೋನಾ ಮಸೂರಿಯಿಂದ ಹಿಡಿದು ಮಜ್ಜಿಗೆ ಮೆಣಸಿನಕಾಯಿವರೆಗೂ ಸಿಗುತ್ತದೆ. ಸಿಗುವುದಕ್ಕೇನೋ ಸಿಗುತ್ತದೆ, ಆದರೆ ಹೋಗುವುದು ಹೇಗೆ? ನಾವಿರುವ ಸಬ್‌ಡಿವಿಷನ್, ಅಂದರೆ ಒಂದೇ ಅಚ್ಚಿನ ಮನೆಗಳ ಬಡಾವಣೆ, ಅಲ್ಲಿಂದ ದೊಡ್ಡ ರಸ್ತೆಗೆ ಬಂದರೆ ನಡೆಯಲು ಪಾದಚಾರಿ ಮಾರ್ಗವೇ ಇಲ್ಲ. ಬಸ್ಸಿಲ್ಲ, ಆಟೋ ಇಲ್ಲ. ನಮ್ಮವರು ಬೆಳಿಗ್ಗೆ ಏಳಕ್ಕೆ ಕಾರು ತೆಗೆದುಕೊಂಡು ಹೋದರೆ ಬರುವುದು ಸಂಜೆ ಆರಕ್ಕೆ. ನನಗೆ ಇನ್ನೂ ಡ್ರೈವಿಂಗ್ ಲೈಸೆನ್ಸ್ ಆಗಿರಲಿಲ್ಲ. ಎರಡು ಸಲ ಪರೀಕ್ಷೆಗೆ ಹೋಗಿ ಎರಡು ಸಲವೂ ಫೇಲಾಗಿದ್ದೆ. ಮಂಡ್ಯದ ರಸ್ತೆಗಳಲ್ಲಿ ಹದಿನಾಲ್ಕು ವರ್ಷ ಸ್ಕೂಟಿ ಓಡಿಸಿದವಳಿಗೆ ಆದ ಅವಮಾನ ಹೇಳತೀರದು.

ಊರಿನಲ್ಲಿ ನಾನು ಆಸ್ಪತ್ರೆಯಲ್ಲಿ ಆಪ್ತ ಸಮಾಲೋಚಕಿಯಾಗಿದ್ದೆ. ಡಾಕ್ಟರು ಎರಡೇ ಮಾತಿನಲ್ಲಿ ಹೇಳಿ ಎದ್ದುಹೋದದ್ದನ್ನು ಕೂತು ಬಿಡಿಸಿ ಹೇಳುವುದು, ಅಳುವವರ ಜೊತೆ ಕೂರುವುದು ನನ್ನ ಕೆಲಸ. ದಿನಕ್ಕೆ ನಲವತ್ತು ಜನರ ಹತ್ತಿರ ಮಾತಾಡುತ್ತಿದ್ದ ಬಾಯಿ ಇಲ್ಲಿ ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ನಾಲ್ಕರವರೆಗೆ ಮುಚ್ಚಿಯೇ ಇರುತ್ತಿತ್ತು. ಎರಡು ವರ್ಷ ಹಾಗೇ ಕಳೆಯಿತು. ಕೊನೆಗೂ ಕೆಲಸ ಮಾಡಲು ಅನುಮತಿ ಕೊಡುವ ಕಾರ್ಡು ಬಂದಾಗ ಒಂದು ಸಂಸ್ಥೆಗೆ ಅರ್ಜಿ ಹಾಕಿದೆ. ಇಂಗ್ಲಿಷ್ ಬಾರದ ರೋಗಿಗಳಿಗೆ ಆಸ್ಪತ್ರೆಯಲ್ಲಿ ದುಭಾಷಿಗಳು ಬೇಕು. ಮಕ್ಕಳ ಮನೆಗೆ ಬಂದ ಅಪ್ಪ ಅಮ್ಮಂದಿರಿಗೆ ಎದೆನೋವು ಬಂದರೆ ಡಾಕ್ಟರಿಗೆ ಅದನ್ನು ಹೇಳುವವರಾರು? ಮನೆಯಲ್ಲೇ ಕೂತು ವಿಡಿಯೋ ಮೂಲಕ ಮಾಡುವ ಕೆಲಸ. ನನಗಾಗಿಯೇ ಯಾರೋ ಹುಟ್ಟಿಸಿದ ಕೆಲಸವೆನ್ನಿಸಿತು. ಪರೀಕ್ಷೆ ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ, ಲ್ಯಾಪ್‌ಟಾಪಿನಲ್ಲಿ. ಮೊಬೈಲಿನಿಂದ ಇಂಟರ್ನೆಟ್ ಹಂಚಿಕೊಳ್ಳುವುದು ನಡೆಯುವುದಿಲ್ಲ, ಅವತ್ತು ತಪ್ಪಿದರೆ ಇನ್ನು ಆರು ತಿಂಗಳು ಕಾಯಬೇಕು ಎಂದು ಬರೆದಿದ್ದರು.

ಸೋಮವಾರ ಬೆಳಿಗ್ಗೆ ಅಭ್ಯಾಸ ಮಾಡೋಣವೆಂದು ಲ್ಯಾಪ್‌ಟಾಪ್ ತೆರೆದೆ. ನಮ್ಮ ವೈಫೈ ಹೆಸರು ಕಾಣುತ್ತಿತ್ತು, ಪಾಸ್‌ವರ್ಡ್ ತೆಗೆದುಕೊಂಡಿತು, ಆಮೇಲೆ 'ಇಂಟರ್ನೆಟ್ ಇಲ್ಲ' ಎಂದಿತು. ಮಜಾ ಎಂದರೆ ಅದೇ ವೈಫೈ ನನ್ನ ಫೋನಿಗೆ ಚೆನ್ನಾಗಿ ಬರುತ್ತಿತ್ತು. ರೂಟರ್ ಆಫ್ ಮಾಡಿ ಆನ್ ಮಾಡಿದೆ. ಲ್ಯಾಪ್‌ಟಾಪನ್ನೂ ಹಾಗೇ ಮಾಡಿದೆ. ನೆಟ್‌ವರ್ಕ್ ಅಳಿಸಿ ಹೊಸದಾಗಿ ಸೇರಿಸಿದೆ. ರೂಟರಿನ ಪಕ್ಕದಲ್ಲೇ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ. ಫೋನಿನಲ್ಲಿ ವಿಡಿಯೋ ನೋಡುತ್ತಾ ಅವರು ಹೇಳಿದ ಕಪ್ಪು ಪರದೆಯಲ್ಲಿ ಅದೇನೋ ಮಂತ್ರಗಳನ್ನು ಬರೆದೆ. ಜಪ್ಪಯ್ಯ ಎಂದರೂ ಬರಲಿಲ್ಲ.

ಸಂಜೆ ನಮ್ಮವರು ಬಂದು ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡರು. ತಕ್ಷಣ ಬಂತು!

"ಬರ್ತಾ ಇದೆಯಲ್ಲೇ ಶಶಿ. ಏನ್ ಮಾಡ್ದೆ ಇದಕ್ಕೆ?"

"ನಾನೇನ್ ಮಾಡ್ಲಿ? ಬೆಳಿಗ್ಗೆಯಿಂದ ಬಂದಿಲ್ಲ ರೀ."

"ನಿನ್ ಕೈಗುಣ ಬಿಡು" ಎಂದು ನಕ್ಕರು. ಹನ್ನೊಂದು ವರ್ಷದ ಮಗಳು ನಿಧಿ ಪುಸ್ತಕದಿಂದ ತಲೆಯೆತ್ತದೆ, "ಅಮ್ಮಾ, ಡಿಡ್ ಯೂ ಟ್ರೈ ರೀಸ್ಟಾರ್ಟಿಂಗ್ ಇಟ್?" ಎಂದಳು. ಇಬ್ಬರಿಗೂ ಸೌಟಿನಲ್ಲಿ ಒಂದೊಂದು ಬಿಡೋಣ ಎನ್ನಿಸಿತು.

ಮಂಗಳವಾರವೂ ಅದೇ ಕತೆ, ಬುಧವಾರವೂ ಅದೇ. ಬೆಳಿಗ್ಗೆ ಇಲ್ಲ, ಸಂಜೆ ಎಲ್ಲರೂ ಬಂದ ಮೇಲೆ ಇದೆ. ನನಗೆ ನನ್ನ ಮೇಲೇ ಅನುಮಾನ ಬರತೊಡಗಿತು. ಊರಿನಲ್ಲಿ ಕರೆಂಟು ಹೋದರೆ ಇಡೀ ಬೀದಿಗೇ ಹೋಗುತ್ತದೆ. ಎಲ್ಲರೂ ಹೊರಗೆ ಬಂದು ಜಗುಲಿಯ ಮೇಲೆ ನಿಂತು ಲೈನ್‌ಮನ್‌ನನ್ನು ಒಟ್ಟಿಗೆ ಬೈಯುತ್ತಾರೆ, ಅಷ್ಟರಲ್ಲಿ ಅರ್ಧ ಸಂಕಟ ಕಳೆದುಹೋಗಿರುತ್ತದೆ. ಇಲ್ಲಿ ಹೋದದ್ದು ನನ್ನೊಬ್ಬಳಿಗೆ, ಅದೂ ಯಾರೂ ಇಲ್ಲದ ಹೊತ್ತಿನಲ್ಲಿ. ಕಿಟಕಿಯಾಚೆ ಮೊಣಕಾಲೆತ್ತರ ಹಿಮ, ಹೊರಗೆ ನಮ್ಮ ಲೆಕ್ಕದಲ್ಲಿ ಸೊನ್ನೆಗಿಂತ ಹದಿಮೂರು ಕೆಳಗೆ, ಇಲ್ಲಿನವರ ಲೆಕ್ಕದಲ್ಲಿ ಒಂಬತ್ತು ಡಿಗ್ರಿ ಫ್ಯಾರನ್‌ಹೀಟ್. ಲೈಬ್ರರಿ ನಾಲ್ಕು ಮೈಲಿ ದೂರ. ಇಷ್ಟು ದೊಡ್ಡ ದೇಶದಲ್ಲಿ ನನಗೆ ಓಡಾಡಲು ಇದ್ದ ಜಾಗ ಅಡುಗೆಮನೆಯಿಂದ ರೂಟರಿನವರೆಗೆ ಮಾತ್ರ.

ಗುರುವಾರ ಬೆಳಿಗ್ಗೆ ಒಂಬತ್ತೂವರೆಗೆ ಮತ್ತೆ 'ಇಂಟರ್ನೆಟ್ ಇಲ್ಲ' ಎಂದಿತು. ನಮ್ಮವರಿಗೆ ಫೋನು ಮಾಡಿದೆ. ಅವರದು ಹೊಸ ಕಾರುಗಳ ಸದ್ದು ಅಳೆಯುವ ಲ್ಯಾಬು. ಕ್ಯಾಮೆರಾ ಇರುವ ಫೋನನ್ನು ಒಳಗೆ ಬಿಡುವುದಿಲ್ಲ, ಲಾಕರಿನಲ್ಲಿಟ್ಟು ಹೋಗಬೇಕು. ಮಧ್ಯಾಹ್ನದ ಊಟದವರೆಗೂ ಅದು ಲಾಕರಿನಲ್ಲಿ ಹೊಡೆದುಕೊಳ್ಳುತ್ತಲೇ ಇರುತ್ತದೆ. ನಾನು ಅಳುತ್ತಾ ಷಬಾನಾಗೆ ಫೋನು ಮಾಡಿದೆ.

ಷಬಾನಾ ಚನ್ನಪಟ್ಟಣದವಳು. ಅವಳ ಗಂಡ ಇಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾರೆ, ಅವಳೂ ಅಲ್ಲೇ ಕೂರುತ್ತಾಳೆ. ದಿನಸಿ ಅಂಗಡಿಯ ಫ್ರೀಜರ್ ಮುಂದೆ ಕೊನೆಯ ಒಂದೇ ಒಂದು ಅವರೆಕಾಳಿನ ಪ್ಯಾಕೆಟ್ಟಿಗೆ ಇಬ್ಬರೂ ಕೈ ಹಾಕಿ ಪರಿಚಯವಾದವರು ನಾವು. ಅವತ್ತು ಪ್ಯಾಕೆಟ್ಟನ್ನು ಅವಳೇ ಬಿಟ್ಟುಕೊಟ್ಟಿದ್ದಳು.

"ಅಳ್ಬ್ಯಾಡಿ ಅಕ್ಕ, ಮೊದ್ಲು ಹೇಳಿ. ಫೋನಿಗೆ ಬರ್ತೈತಾ?"

"ಬರ್ತಾ ಇದೆ."

"ಲ್ಯಾಪ್‌ಟಾಪಿಗೆ ಸಂಜೆ ಬರ್ತೈತಾ?"

"ಮೂರೂವರೆ, ನಾಲ್ಕರ ಮೇಲೆ ಬರತ್ತೆ."

"ಶನಿವಾರ ಬೆಳಿಗ್ಗೆ?"

ನೆನಪು ಮಾಡಿಕೊಂಡೆ. ಹೋದ ಶನಿವಾರ ಬೆಳಿಗ್ಗೆ ಅದರಲ್ಲೇ ಅತ್ತೆಯ ಜೊತೆ ವಿಡಿಯೋ ಕಾಲ್ ಮಾಡಿದ್ದೆವು. "ಶನಿವಾರ ಬಂತು."

"ಹಂಗಾರೆ ಅದು ಕೆಟ್ಟಿಲ್ಲ ಅಕ್ಕ. ಯಾರೋ ಬೀಗ ಹಾಕವ್ರೆ. ಆ ಲ್ಯಾಪ್‌ಟಾಪ್ ಮೊದ್ಲು ಯಾರ್ದು?"

ಅದು ನಿಧಿಯದು. ಶಾಲೆಯವರು ಅವಳಿಗೆ ಬೇರೆ ಕೊಟ್ಟ ಮೇಲೆ ಹಳೆಯದು ಹೋದ ವಾರದ ಕೊನೆಗಷ್ಟೇ ನನಗೆ ಬಂತು. ನಮ್ಮ ಮನೆಯಲ್ಲಿ ಎಲ್ಲರೂ ಬಳಸಿ ಬಿಟ್ಟದ್ದು ಕೊನೆಗೆ ನನ್ನ ಪಾಲಿಗೆ ಬರುವುದು ರೂಢಿ. ಒಂದೂವರೆ ವರ್ಷದ ಹಿಂದೆ ನಿಧಿ ಹೊಟ್ಟೆನೋವೆಂದು ಸುಳ್ಳು ಹೇಳಿ ಮನೆಯಲ್ಲುಳಿದು ದಿನವಿಡೀ ಕಾರ್ಟೂನ್ ನೋಡಿದ್ದಳು. ನಾನು ಕೆಂಡಾಮಂಡಲವಾಗಿ, ಸ್ಕೂಲ್ ಹೊತ್ತಿನಲ್ಲಿ ಇದಕ್ಕೆ ಇಂಟರ್ನೆಟ್ಟೇ ಬರಕೂಡದು, ಏನಾದರೂ ಮಾಡಿ ಎಂದು ನಮ್ಮವರ ಹಿಂದೆ ಬಿದ್ದಿದ್ದೆ. ಅವರು ತಮ್ಮ ಫೋನಿನಲ್ಲಿದ್ದ ಇಂಟರ್ನೆಟ್ ಕಂಪನಿಯ ಆ್ಯಪಿನಲ್ಲಿ ಅದೇನೋ ಮಾಡಿ ಮರೆತೇಬಿಟ್ಟಿದ್ದರು. ಬೀಗ ಹಾಕಿಸಿದವಳು ನಾನೇ!

ಕಾರಣ ಗೊತ್ತಾಯಿತು, ಆದರೆ ಅದರಿಂದ ಬಂದ ಭಾಗ್ಯವೇನು? ಬೀಗದ ಕೈ ಇದ್ದದ್ದು ನಮ್ಮವರ ಫೋನಿನಲ್ಲಿ, ಫೋನು ಲಾಕರಿನಲ್ಲಿ. ನನ್ನ ಫೋನಿಗೆ ಆ ಆ್ಯಪ್ ಹಾಕಿಕೊಂಡರೆ ಖಾತೆದಾರರಿಗೆ ಕೋಡ್ ಕಳಿಸಿದ್ದೇವೆ ಎಂದಿತು. ಖಾತೆದಾರರು ಅವರೇ. ಬಾಡಿಗೆ ಕರಾರು, ಕರೆಂಟು, ಗ್ಯಾಸು, ಫೋನು, ಕಾರು, ಎಲ್ಲದರಲ್ಲೂ ಅವರ ಹೆಸರೇ ಎಂಬುದು ನನಗೆ ಗೊತ್ತಿಲ್ಲದ ಸಂಗತಿಯಲ್ಲ. ಅವತ್ತು ಮಾತ್ರ ಅದು ಉಸಿರು ಕಟ್ಟಿಸಿತು.

"ಚಪ್ಲಿ ಅಲ್ಲ, ಬೂಟ್ಸ್ ಹಾಕ್ಕೊಂಡು ನಿಂತಿರಿ ಅಕ್ಕ, ಬಂದೆ" ಎಂದಳು ಷಬಾನಾ.

ಹನ್ನೊಂದಕ್ಕೆ ಐದು ನಿಮಿಷವಿರುವಾಗ ನಾನು ಅವಳ ಅಂಗಡಿಯ ಒಳಕೋಣೆಯಲ್ಲಿ, ಒಡೆದ ಫೋನುಗಳ ಡಬ್ಬಗಳ ನಡುವೆ ಸ್ಟೂಲಿನ ಮೇಲೆ ಕೂತಿದ್ದೆ. ಲ್ಯಾಪ್‌ಟಾಪಿಗೆ ಅಂಗಡಿಯ ವೈಫೈ ಮಾತಿಲ್ಲದೆ ಬಂತು. ಷಬಾನಾ ಬಾಗಿಲು ಮುಚ್ಚಿ ಹೊರಗೆ ಕಾವಲು ನಿಂತಳು. ರೆಕಾರ್ಡ್ ಮಾಡಿದ ಮುದುಕರೊಬ್ಬರ ದನಿ ಕನ್ನಡದಲ್ಲಿ, 'ಎದೆ ಹಿಂಡಿದ ಹಾಗಾಗುತ್ತದೆ, ಎಡಗೈ ಜೋಮು ಹಿಡಿಯುತ್ತದೆ' ಎಂದಿತು. ನಾನು ಇಂಗ್ಲಿಷಿನಲ್ಲಿ ಹೇಳಿದೆ. ಡಾಕ್ಟರು ಹೇಳಿದ್ದನ್ನು ಕನ್ನಡಕ್ಕೆ ತಂದೆ. ಎರಡು ವರ್ಷದಿಂದ ಕಟ್ಟಿಕೊಂಡಿದ್ದ ಬಾಯಿ ಬಿಚ್ಚಿಕೊಂಡಿತು, ಒಂದು ಕಡೆಯೂ ತಡವರಿಸಲಿಲ್ಲ. ಖುಷಿಗೆ ಕಣ್ಣು ತುಂಬಿತು.

ಕೊನೆಯಲ್ಲಿ ಪರೀಕ್ಷಕಿ, "ನೀವು ಕೆಲಸ ಮಾಡುವ ಕೋಣೆಯನ್ನು ಕ್ಯಾಮೆರಾ ತಿರುಗಿಸಿ ತೋರಿಸಿ" ಎಂದರು. ಸುಳ್ಳು ಹೇಳಲು ಬಾಯಿ ತೆರೆದೆ, ಆಗಲಿಲ್ಲ. "ಇದು ನನ್ನ ಮನೆಯಲ್ಲ ಮೇಡಂ. ನನ್ನ ಮನೆಯ ಇಂಟರ್ನೆಟ್ ನನ್ನನ್ನು ಹನ್ನೊಂದು ವರ್ಷದ ಹುಡುಗಿ ಎಂದುಕೊಂಡಿದೆ" ಎಂದು ನಡೆದದ್ದನ್ನೆಲ್ಲ ಹೇಳಿದೆ. ಅವರು ಗಟ್ಟಿಯಾಗಿ ನಕ್ಕರು. ನಕ್ಕ ಮೇಲೆ, ಭಾಷೆಯಲ್ಲಿ ಪಾಸಾಗಿದ್ದೀರಿ, ಆದರೆ ಹತ್ತು ದಿನದೊಳಗೆ ನಿಮ್ಮ ಹೆಸರಿನಲ್ಲಿರುವ ಇಂಟರ್ನೆಟ್ ಬಿಲ್ಲು, ಕೋಣೆಯ ಫೋಟೋ ಎರಡೂ ಬೇಕು ಎಂದರು.

ಸಂಜೆ ನಮ್ಮವರು ಆ್ಯಪ್ ತೆರೆದು ತೋರಿಸಿದರು. ಮಕ್ಕಳ ಗುಂಪಿನಲ್ಲಿ ಕರಡಿಮರಿಯ ಚಿತ್ರದ ಪಕ್ಕ ನನ್ನ ಲ್ಯಾಪ್‌ಟಾಪು. ಸೋಮವಾರದಿಂದ ಶುಕ್ರವಾರ, ಎಂಟರಿಂದ ಮೂರೂವರೆ, ಬಂದ್.

"ನೀನೇ ಅಲ್ವೇನೆ ಮಾಡ್ಸಿದ್ದು!" ಎಂದು ನಗತೊಡಗಿದರು.

"ನಗ್ಬೇಡಿ ರೀ. ಮೂರು ದಿನ ನಾನು ಹುಚ್ಚಿ ಥರ ಇದರ ಮುಂದೆ ಕೂತಿದ್ದೀನಿ. ಈ ಮನೇಲಿ ನಂದು ಅಂತ ಒಂದ್ ಸ್ವಿಚ್ಚೂ ಇಲ್ಲ."

ಅವರು ಕೆಟ್ಟವರಲ್ಲ. ಬೈಯಲು ಒಬ್ಬ ಕೆಟ್ಟವನಾದರೂ ಇದ್ದಿದ್ದರೆ ಚೆನ್ನಾಗಿತ್ತು ಎನ್ನಿಸುವಷ್ಟು ಒಳ್ಳೆಯವರು. ಆಗಲೇ ಇಂಟರ್ನೆಟ್ ಕಂಪನಿಗೆ ಫೋನು ಹಚ್ಚಿ ಸ್ಪೀಕರಿನಲ್ಲಿಟ್ಟರು. ಆ ಕಡೆಯ ಹೆಂಗಸು ಖಾತೆಗೆ ನನ್ನನ್ನು ಸೇರಿಸಲು ಒಪ್ಪಿಗೆಯಿದೆಯೇ ಎಂದು ಅವರನ್ನು ಮೂರು ಸಲ ಕೇಳಿದಳು. ಮೂರು ಸಲವೂ ಅವರು ಯೆಸ್ ಎಂದರು, ನಾನು ಪಕ್ಕದಲ್ಲೇ ಕೈಕಟ್ಟಿ ಕೂತಿದ್ದೆ. ನಾಲ್ಕನೆಯ ಸಲ ಅವಳು ನನ್ನನ್ನು ಮಾತಾಡಿಸಿದಳು. ಶಶಿಕಲಾ ಎಂದು ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ.

ವಾರದೊಳಗೆ ಬಿಲ್ಲು ಬಂತು, ಅವರ ಹೆಸರಿನ ಕೆಳಗೆ ನನ್ನದೂ ಇತ್ತು. ಅದರದೂ ಕೋಣೆಯದೂ ಫೋಟೋ ತೆಗೆದು ಸಂಸ್ಥೆಗೆ ಕಳಿಸಿದೆ, ಕೆಲಸ ಖಾತ್ರಿಯಾಯಿತು. ಅಮೆರಿಕದಲ್ಲಿ ಏನೇನೋ ಗೆದ್ದವರ ಕತೆ ನೀವು ಕೇಳಿರುತ್ತೀರಿ, ನಾನು ಗೆದ್ದದ್ದು ಒಂದು ಇಂಟರ್ನೆಟ್ ಬಿಲ್ಲು. ಅದನ್ನೇ ಫ್ರಿಜ್ಜಿಗೆ ಅಂಟಿಸಿ ದಿನಕ್ಕೆ ಹತ್ತು ಸಲ ಓದಿದೆ.

ಆ ಭಾನುವಾರ ಮಂಡ್ಯದಿಂದ ಅತ್ತೆ ಫೋನು ಮಾಡಿದರು. ಮೈದುನನ ಸಂಸಾರದ ಜೊತೆ ಇರುವ ಅವರು ಮನೆಯ ಕಾಗದಪತ್ರಗಳ ವಿಚಾರದಲ್ಲಿ ಬಹಳ ಚುರುಕು.

"ಶಶಿ, ಸೊಸೈಟೀಲಿ ಹೇಳವ್ರೆ ಕಣವ್ವ. ರೇಷನ್ ಕಾರ್ಡ್‌ಲಿ ಇರೋರೆಲ್ಲಾ ಈ ತಿಂಗ್ಳೊಳ್ಗೆ ಬಂದು ಹೆಬ್ಬೆಟ್ಟು ಒತ್ಬೇಕಂತೆ. ಇಲ್ದಿದ್ರೆ ಹೆಸ್ರು ತೆಗೀತಾರಂತೆ. ನಿಮ್ ಮೂರ್ ಜನದ್ದೂ ಇನ್ನೂ ಹಂಗೇ ಐತೆ. ನಾವೇ ತೆಗ್ಸಿಬುಡದಾ?"

ನಾನು ಫ್ರಿಜ್ಜಿನ ಪಕ್ಕದಲ್ಲೇ ನಿಂತಿದ್ದೆ. ಬಿಲ್ಲಿನಲ್ಲಿದ್ದ ನನ್ನ ಹೆಸರಿನ ಮೇಲೆ ಬೆರಳಿಟ್ಟೆ.

"ಇವರ್ದು, ನಿಧೀದು ಅವ್ರನ್ನೇ ಕೇಳಿ ಅತ್ತೆ. ನಂದು ಇರ್ಲಿ."

"ನೀನು ಬರಾಕಿಲ್ಲ, ಹೆಬ್ಬೆಟ್ಟು ಒತ್ತಾಕಿಲ್ಲ. ಹೆಂಗವ್ವ ಇರ್ತದೆ?"

"ಸೊಸೈಟಿಯವರೇ ತೆಗೆಯೋವರೆಗೂ ಇರ್ಲಿ ಅತ್ತೆ. ನೀವಾಗಿ ಹೋಗಿ ತೆಗೆಸ್ಬೇಡಿ."