ಖೋ ಕೊಡದವಳಿಗೆ ಅರ್ಥಶಾಸ್ತ್ರ ಕಲಿಸಿದವರು

ಮೊನ್ನೆ ಶಿಗ್ಗಾವಿಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಪಕ್ಕದ ಶಾಲೆಯ ಬಯಲಲ್ಲಿ ಯಾರೋ ಖೋ-ಖೋ ಅಂಕಣಕ್ಕೆ ಸುಣ್ಣದ ಗೆರೆ ಎಳೆಯುತ್ತಿದ್ದರು. ಆ ಒಣ ಸುಣ್ಣದ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಅರ್ಥಶಾಸ್ತ್ರದ ಸರ್ ನೆನಪಾದರು...

ಎಪ್ಪತ್ತರ ದಶಕದ ಕೊನೆ. ದುಂಡಸಿಯಿಂದ ದಿನಾ ಬಸ್ಸಿನಲ್ಲಿ ಶಿಗ್ಗಾವಿಯ ಕಾಲೇಜಿಗೆ ಬರುತ್ತಿದ್ದೆ. ಓಟದಲ್ಲಿ ನನ್ನನ್ನು ಹಿಡಿಯುವವರಿರಲಿಲ್ಲ, ಓದಿನಲ್ಲಿ ನಾನು ಯಾರನ್ನೂ ಹಿಡಿಯುತ್ತಿರಲಿಲ್ಲ. ಆರು ತಿಂಗಳ ಪರೀಕ್ಷೆಯಲ್ಲಿ ಅರ್ಥಶಾಸ್ತ್ರ ನಪಾಸಾಯಿತು. ವರ್ಷದ ಪರೀಕ್ಷೆಯಲ್ಲೂ ಹೀಗೇ ಆದರೆ ಕಾಲೇಜು ಬಿಡಿಸುತ್ತೇನೆಂದು ಅಪ್ಪ ಹೇಳಿಬಿಟ್ಟ. ರೈತನ ಮಗಳಾಗಿಯೂ ಹೊಲ, ಗೊಬ್ಬರದ ಉದಾಹರಣೆಯ 'ಇಳಿಮುಖ ಪ್ರತಿಫಲ ನಿಯಮ' ನನ್ನ ತಲೆಗೆ ಹತ್ತಿರಲಿಲ್ಲ. ಬರೀ ಗಿಳಿಪಾಠ.

ಸರ್ ಜನ್ಮದಲ್ಲಿ ಆಟ ಆಡಿದವರಲ್ಲ. ಅಂಥವರು ಒಂದು ಸಂಜೆ ಕೊಡೆ, ನೋಟ್‌ಬುಕ್ಕು ಹಿಡಿದು ನಮ್ಮ ಖೋ-ಖೋ ನೋಡಲು ಬಂದು ಅಂಕಣದ ನಡುವೆಯೇ ನಿಂತರು. ಆಟದ ಮಾಸ್ತರು ಕೈಮುಗಿದು ಹೊರಗೆ ಕಳಿಸಿದರು. ನಾಲ್ಕು ಸಂಜೆ ಬಂದು ಗಡಿಯಾರ ನೋಡುತ್ತ ಏನೇನೋ ಗೀಚಿಕೊಂಡರು. ನಮಗೆಲ್ಲ ನಗುವೋ ನಗು.

ಐದನೇ ದಿನ ತರಗತಿಯ ಹಲಗೆಯ ಮೇಲೆ ನನ್ನ ಓಟವೇ ಬಂತು. ಮೊದಲ ಎರಡು ನಿಮಿಷದಲ್ಲಿ ಮೂವರು ಔಟ್, ಮುಂದಿನ ಎರಡರಲ್ಲಿ ಇಬ್ಬರು, ಆಮೇಲೆ ಒಬ್ಬಳು, ಕೊನೆಗೆ ಯಾರೂ ಇಲ್ಲ. ಕೂತವರಿಗೆ ಖೋ ಕೊಟ್ಟು ಎಬ್ಬಿಸುವ ಬುದ್ಧಿ ನನಗಿರಲಿಲ್ಲ, ಎಲ್ಲರನ್ನೂ ನಾನೊಬ್ಬಳೇ ಬೆನ್ನಟ್ಟುತ್ತಿದ್ದೆ. ತರಗತಿ ನಕ್ಕಿತು. ನನಗೆ ಅಳು ಬಂತು.

ಸರ್ ನಗಲಿಲ್ಲ. "ತಂಗಿ, ಇರೂವು ಎರಡ ಕಾಲು. ಅವಕ್ಕ ನಿಮಿಷದ ಮ್ಯಾಲ ನಿಮಿಷ ಹಾಕ್ಕೋತ ಹೋದ್ರ ಏನಾಕ್ಕೇತಿ?"

ಹಲಗೆ ನೋಡಿದೆ. "ಮದ್ಲಿನಷ್ಟು ಬರೂದಿಲ್ರಿ. ಕಮ್ಮಿ ಆಕ್ಕೋತ ಹೋಕ್ಕೇತ್ರಿ."

"ನಿಯಮ ಅಂದ್ರ ಇದ ನೋಡು. ನೀನ ಹೇಳಿದಿ."

ಹೊಲವೂ ಹಾಗೇ ಎಂದರು. ಗೊಬ್ಬರ ಹೆಚ್ಚಿದರೂ ಹೊಲ ಹಿಗ್ಗುವುದಿಲ್ಲ, ಹಾಗಾಗಿ ಒಂದೊಂದು ಚೀಲ ತರುವ ಹೆಚ್ಚಿನ ಫಲ ಇಳಿಯುತ್ತ ಬರುತ್ತದೆ. ಅಂದಿನಿಂದ ನಾನು ಖೋ ಕೊಡಲು ಕಲಿತೆ. ಸವಣೂರಿನವರನ್ನು ಸೋಲಿಸಿಯೂ ಬಂದೆವು.

ಪರೀಕ್ಷೆಯಲ್ಲಿ ಅದೇ ನಿಯಮ ಕೇಳಿದ್ದರು. ಹೊಲ ಬಿಟ್ಟು ಖೋ-ಖೋ ಬರೆದೆ. ಪಾಸಾದೆ. ಅಪ್ಪ ಓಣಿಗೆಲ್ಲ ಸಕ್ಕರೆ ಹಂಚಿದ. ಸರ್‌ಗೆ ಹೇಳಲು ಓಡಿದರೆ, ರಜೆಯಲ್ಲೇ ಅವರಿಗೆ ಹಿರೇಕೆರೂರಿಗೆ ವರ್ಗವಾಗಿತ್ತು. ಹೋದರಾಯಿತು ಅಂದುಕೊಂಡೆ... ಬಿತ್ತನೆ ಮುಗಿಯಲಿ, ಹಬ್ಬ ಮುಗಿಯಲಿ...

ಮುಂದೆ ಅರ್ಥಶಾಸ್ತ್ರವನ್ನೇ ಓದಿ ಹಾನಗಲ್ಲಿನ ಕಾಲೇಜಿನಲ್ಲಿ ಕಲಿಸುವ ಕೆಲಸಕ್ಕೆ ಸೇರಿದೆ. ಮೊದಲ ಸಂಬಳದಲ್ಲಿ ಒಂದು ಜೋಡಿ ಧೋತರ ಕೊಂಡು ಹಿರೇಕೆರೂರಿನ ಬಸ್ಸು ಹತ್ತಿದೆ. ಬಾಗಿಲು ತೆಗೆದವರು ಸರ್ ಅವರ ಹೆಂಡತಿ. ಸರ್ ತೀರಿಕೊಂಡು ಎರಡು ವರ್ಷವಾಗಿತ್ತು. ನಾನು ದುಂಡಸಿಯವಳು ಅಂದಕೂಡಲೇ ಆ ತಾಯಿ ನನ್ನ ಕೈ ಹಿಡಿದರು.

"ಖೋ-ಖೋ ಆಡಾಕಿ ನೀನ ಏನವ್ವಾ? ಆ ಹುಡುಗಿ ಪಾಸಾತೋ ಇಲ್ಲೋ ಅಂತ ಭಾಳ ಸಲ ಅಂತಿದ್ರು."

ಮುಂದೆ ಮೂವತ್ತು ವರ್ಷ ಆ ನಿಯಮವನ್ನು ಖೋ-ಖೋದಿಂದಲೇ ಕಲಿಸಿದೆ. ಇದು ನಮ್ಮ ಸರ್ ಕೊಟ್ಟ ಪಾಠ ಎಂದು ಹೇಳುವಾಗ ಪ್ರತಿ ಸಲ ಎದೆಯುಬ್ಬುತ್ತಿತ್ತು, ನಿವೃತ್ತಳಾದ ಮೇಲೆ ಈಗಲೂ ಉಬ್ಬುತ್ತದೆ. ನಾನು ಪಾಸಾದ ಕತೆಯನ್ನು ಎಷ್ಟೋ ಮಕ್ಕಳಿಗೆ ಹೇಳಿದ್ದೇನೆ. ಕೇಳಲು ಕಾದಿದ್ದವರು ಒಬ್ಬರೇ, ಅವರಿಗೆ ಹೇಳಲಿಲ್ಲ.