ಒಂದು ಹನಿ ಸೋರದ ಕುಂಡ

ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಪೀಣ್ಯದ ಒಂದು ಶೆಡ್ಡಿನಲ್ಲಿ ತಗಡಿನ ಟ್ಯಾಂಕು ಮಾಡುವ ವೆಲ್ಡರ್ ಆಗಿದ್ದೆ. ನನ್ನ ಟ್ಯಾಂಕು ಸೋರಿತು ಅಂತ ಒಬ್ಬ ಗಿರಾಕಿಯೂ ವಾಪಸ್ ತಂದಿಲ್ಲ. ಈ ಮಾತನ್ನು ಆಗ ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದೆ. ಕೇಳುವವರು ಯಾರೂ ಸಿಗದಿದ್ದರೆ ಹೆಂಡತಿಗೆ ಹೇಳುತ್ತಿದ್ದೆ.

ಎಂಬತ್ತನೇ ಇಸವಿಯ ಆಸುಪಾಸು, ಮದುವೆಯಾದ ಹೊಸತು. ರಾಜಗೋಪಾಲನಗರದಲ್ಲಿ ಒಂದು ಕೋಣೆಯ ಬಾಡಿಗೆ ಮನೆ. ಶೆಡ್ಡಿಗೆ ಐದು ನಿಮಿಷದ ದಾರಿ, ಮಧ್ಯಾಹ್ನ ಬಿಸಿ ಊಟಕ್ಕೆ ಮನೆಗೇ ಬರಬಹುದು. ಮನೆ ಹುಡುಕಿದ್ದು ನಾನೇ ಆದ್ದರಿಂದ ಅದರಲ್ಲಿ ನನಗೆ ಯಾವ ಕೊರತೆಯೂ ಕಾಣಲಿಲ್ಲ. ಹೆಂಡತಿಗೆ ಕಾಣುತ್ತಿತ್ತು. ಇದ್ದ ಒಂದೇ ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ ಕೈಗೆ ಸಿಗುತ್ತಿತ್ತು. ಬಾಗಿಲಾಚೆ ಸಿಮೆಂಟಿನ ಓಣಿ. ಅವಳು ದೊಡ್ಡ ಹಿತ್ತಲಿದ್ದ ಮನೆಯಲ್ಲಿ ಬೆಳೆದವಳು.

"ರೀ, ಇಲ್ಲಿ ಕೊತ್ತಂಬರಿ ಬೀಜ ಉದುರಿಸೋಕೂ ಒಂದು ಹಿಡಿ ಮಣ್ಣಿಲ್ಲ. ಬೇರೆ ಮನೆ ನೋಡೋಣ," ಅಂದಳು ಮುದ್ದೆ ಬಡಿಸುತ್ತಾ.

"ಗಿಡ ತಾನೇ ಬೇಕು? ಒಳಗೇ ಬೆಳೆಸೋಣ ಬಿಡು," ಅಂದೆ. ಕಬ್ಬಿಣವೇ ನನ್ನ ಮಾತು ಕೇಳುತ್ತೆ, ಬಳ್ಳಿ ಕೇಳಲ್ವಾ?

ಮಲ್ಲಿಗೆ ಬಳ್ಳಿ ತರ್ತೀನಿ ಅಂದೆ. "ಬಿಸಿಲು ನಿಮ್ಮ ಶೆಡ್ಡಿಂದ ತರ್ತೀರಾ?" ಅಂದಳು. ವೀಳ್ಯದೆಲೆ ಹಬ್ಬಿಸೋಣ, ಊಟ ಆದ ಮೇಲೆ ಕೂತಲ್ಲೇ ಕೈ ಚಾಚಿ ಎಲೆ ಕೀಳಬಹುದು ಅಂದೆ. ಅವಳು ಖಾಲಿ ತಟ್ಟೆ ಎತ್ತಿಕೊಂಡು ತೊಳೆಯಲು ಹೋದಳು. ಕೊನೆಗೆ ತಾನೇ ಯಾರ ಮನೆಯಿಂದಲೋ ಒಂದು ಗೇಣು ಮನಿ ಪ್ಲಾಂಟ್ ತಂದು, ಖಾಲಿ ಟಾನಿಕ್ ಬಾಟಲಿಗೆ ನೀರು ತುಂಬಿ ಅದರಲ್ಲಿಟ್ಟು ಕಿಟಕಿಯಲ್ಲಿ ನಿಲ್ಲಿಸಿದಳು. ಬಿಸಿಲಿಲ್ಲದ ಕಡೆ ಬದುಕುವ ಬಳ್ಳಿ ಇದೊಂದೇ ಅಂತೆ.

"ದೀಪಾವಳಿವರೆಗೆ ಇದು ಈ ಮನೆಯಲ್ಲಿ ಬದುಕಿದ್ರೆ ನಾನು ಮನೆ ಬದಲಾಯಿಸೋ ಮಾತೇ ಎತ್ತಲ್ಲ. ಸತ್ರೆ ಮಣ್ಣಿರೋ ಮನೆ ಹುಡುಕ್ಬೇಕು. ಆಯ್ತಾ?"

"ಆಯ್ತು," ಅಂದೆ.

ಎರಡು ವಾರದಲ್ಲಿ ಬಾಟಲಿಯೊಳಗೆ ಬಿಳಿ ಬೇರು ಇಳಿಯಿತು, ಮೇಲೆ ಮೂರು ಹೊಸ ಎಲೆ ಬಂತು. ನಾನು ಏನೂ ಮಾಡದೆ ಗೆಲ್ಲುತ್ತಿದ್ದೆ. ಸುಮ್ಮನಿದ್ದಿದ್ದರೆ ಸಾಕಿತ್ತು. ಆದರೆ ನಾಲ್ಕು ಜನ ಮನೆಗೆ ಬಂದಾಗ, ಟ್ಯಾಂಕು ಮಾಡುವವನ ಮನೆಯಲ್ಲಿ ಬಳ್ಳಿ ಟಾನಿಕ್ ಬಾಟಲಿಯಲ್ಲಿ ನಿಂತಿದೆ ಅಂದರೆ ಮರ್ಯಾದೆ ಏನಾಗಬೇಕು?

ಊಟದ ಬಿಡುವಿನಲ್ಲಿ ಚೂರು ತಗಡು ಆರಿಸಿ, ಉರುಳೆಯಂತೆ ದುಂಡಗೆ ಸುತ್ತಿ, ತಳ ಕೂರಿಸಿ ಒಂದು ತೂಗುಕುಂಡ ಮಾಡಿದೆ. ಮೂರು ಸರಪಳಿ, ಮೇಲೊಂದು ಕೊಕ್ಕೆ. ಮಾಡಿದ ಮೇಲೆ ಪರೀಕ್ಷೆ ಆಗಬೇಕಲ್ಲ, ನಮ್ಮ ಶೆಡ್ಡಿನ ಪದ್ಧತಿಯಂತೆ ಹೊರಗಡೆ ಬೆಸುಗೆ ಮೇಲೆ ಸುಣ್ಣದ ನೀರು ಬಳಿದು ಒಣಗಿಸಿ, ಒಳಗೆ ಸೀಮೆಎಣ್ಣೆ ಸವರಿದೆ. ಎಲ್ಲಾದರೂ ಕೂದಲೆಳೆ ಬಿರುಕಿದ್ದರೆ ಸುಣ್ಣದ ಮೇಲೆ ಕಲೆ ಮೂಡುತ್ತೆ. ಒಂದು ಚುಕ್ಕೆಯೂ ಮೂಡಲಿಲ್ಲ. ನಾನು ಎದೆಯುಬ್ಬಿಸಿಕೊಂಡು ಮನೆಗೆ ತಂದೆ.

ಹೆಂಡತಿ ಅದನ್ನು ತಲೆಕೆಳಗು ಮಾಡಿ ನೋಡಿದಳು. "ತಳದಲ್ಲಿ ತೂತು ಎಲ್ಲಿ?"

"ತೂತಾ? ನನ್ನ ಕೆಲಸಕ್ಕಾ?"

"ನೀರು ಇಳಿದು ಹೋಗೋದು ಬೇಡ್ವೇನ್ರೀ?"

"ಎಲ್ಲಿಗೆ ಹೋಗ್ಬೇಕು? ಹಾಸಿಗೆ ಮೇಲಾ? ಹತ್ತು ವರ್ಷ ಇಟ್ಟರೂ ಒಂದು ಹನಿ ಸೋರಲ್ಲ ಕಣೇ ಇದು!"

ಅದು ಮಾತ್ರ ನಿಜವಾಯಿತು. ಮಣ್ಣು ತುಂಬಿ, ಬಳ್ಳಿ ನೆಟ್ಟು, ಹಾಸಿಗೆ ಮೇಲೇ ತೂಗುಹಾಕಿದೆ. ನೀರು ಹಾಕುವ ಕೆಲಸ ನಂದೇ ಅಂತ ಹಟ ಹಿಡಿದೆ. ಕೆಲಸಕ್ಕೆ ಹೋಗುವ ಮುಂಚೆ ಅರ್ಧ ಚೊಂಬು, ಬಂದ ಮೇಲೆ ಅರ್ಧ ಚೊಂಬು. ನಾಲ್ಕನೇ ವಾರ ಬುಡದ ಎಲೆ ಹಳದಿಯಾಯಿತು. ಬಾಯಾರಿಕೆ ಅಂದುಕೊಂಡು ಇನ್ನೂ ಅರ್ಧ ಚೊಂಬು ಜಾಸ್ತಿ ಮಾಡಿದೆ.

ಆಮೇಲೆ ಹಳದಿಯಾದ ಎಲೆಯನ್ನು ಅವಳು ಸ್ನಾನಕ್ಕೆ ಹೋದಾಗ ಕಿತ್ತು ಜೇಬಿಗೆ ಹಾಕಿಕೊಂಡು ಹೋಗಿ ರಸ್ತೆಯಲ್ಲಿ ಬಿಸಾಡುವುದು ನನ್ನ ನಿತ್ಯದ ಕೆಲಸವಾಯಿತು. ಬಟ್ಟೆ ಒಗೆಯುವುದು ಅವಳೇ ಅನ್ನುವುದು ನನ್ನ ತಲೆಗೆ ಹೊಳೆಯಲೇ ಇಲ್ಲ. ನಾನು ಬಿಸಾಡಲು ಮರೆತು ಜೇಬಿನಲ್ಲೇ ಉಳಿದ ಒಣ ಎಲೆಗಳನ್ನೆಲ್ಲ ಅವಳು ಒಂದು ತಟ್ಟೆಯಲ್ಲಿ ಸೇರಿಸಿಟ್ಟಿದ್ದಳು. ದೀಪಾವಳಿಗೆ ವಾರವಿದೆ ಅನ್ನುವಾಗ ಆ ತಟ್ಟೆಯನ್ನು ನನ್ನ ಊಟದ ತಟ್ಟೆ ಪಕ್ಕಕ್ಕೆ ತಂದಿಟ್ಟಳು. ಹದಿನಾಲ್ಕು ಎಲೆ.

ಎದ್ದು ಹೋಗಿ ಶೆಡ್ಡಿಂದ ಕೈ ಡ್ರಿಲ್ ತಂದೆ. ಕುಂಡ ಇಳಿಸಿ ಓಣಿಗೆ ಒಯ್ದು, ನನ್ನ ಕೆಲಸಕ್ಕೆ ನಾನೇ ತೂತು ಹೊಡೆದೆ. ಕಪ್ಪು ನೀರು ಚಿಮ್ಮಿ ಕಾಲ ಮೇಲೆಲ್ಲ ಹರಿಯಿತು. ಮೇಲಿನ ಮನೆಯಲ್ಲಿದ್ದ ಓನರಜ್ಜಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಇಣುಕಿದರು. ಆ ಊರಿನ ಹಳೇ ಒಕ್ಕಲು ಮನೆತನದವರು, ಹೊಲ ಇದ್ದ ಜಾಗದಲ್ಲೇ ಮನೆಗಳನ್ನು ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದವರು.

"ಏನಪ್ಪಾ, ಮೋರಿ ತೆಗೀತಿದ್ದೀಯಾ?"

"ಇಲ್ಲಜ್ಜೀ, ಗಿಡ."

"ಗಿಡವಾ? ಸೀಮೆಣ್ಣೆ ನಾತ ಒಡೀತೈತಲ್ಲೋ! ಸ್ಟೌವಿಗೆ ನೆಟ್ಟಿದ್ಯಾ ಎಂಗೆ?"

ಬೇರೆಲ್ಲ ಕೊಳೆತು ಲೋಳೆಯಾಗಿತ್ತು. ಹೆಂಡತಿ ಕುಕ್ಕರುಗಾಲಲ್ಲಿ ಕೂತು, ಹಸಿರಿದ್ದ ತುದಿಯಷ್ಟನ್ನೇ ಕತ್ತರಿಸಿ ತೊಳೆದು ಮತ್ತೆ ನೀರಿಗೆ ಹಾಕಿದಳು. ಎರಡು ಎಲೆ ಉಳಿದಿದ್ದವು. ಹಬ್ಬದ ದಿನವೂ ಆ ಎರಡು ಎಲೆ ಹಸಿರಾಗೇ ಇದ್ದವು.

"ಬದುಕಿದೆ," ಅಂದಳು ದೀಪ ಹಚ್ಚುತ್ತಾ. "ಹೇಳಿದ ಮಾತು ಮಾತೇ. ಇನ್ನು ನಾನು ಮನೆ ವಿಷಯ ಎತ್ತಲ್ಲ."

ನಿಜಕ್ಕೂ ಎತ್ತಲಿಲ್ಲ. ಒಂದು ದಿನ, ಎರಡು ದಿನ, ಒಂದು ವಾರ. ಮಧ್ಯಾಹ್ನ ಬಿಸಿ ಊಟ ಬಡಿಸುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು. ಕಿಟಕಿ ತೆರೆಯುವುದನ್ನು ಮಾತ್ರ ಬಿಟ್ಟಿದ್ದಳು. ಸೋರಿದ ಟ್ಯಾಂಕನ್ನು ಗಿರಾಕಿ ಬೈಯದೆ ಹೊತ್ತುಕೊಂಡು ಹೋದರೆ ಹೇಗಾಗಬೇಕೋ ಹಾಗಾಯಿತು ನನಗೆ.

"ನಾನು ಸೋತೆ ಕಣೇ," ಅಂದೆ ಒಂದು ಶನಿವಾರ. ಬಾಯಿಂದ ಆ ಮಾತು ಹೊರಡಿಸಲು ಮೂರು ಸಲ ನೀರು ಕುಡಿದೆ. "ಕೊಂದಿದ್ದು ಮನೆಯಲ್ಲ, ನಾನು. ನಾಳೆ ಮನೆ ಹುಡುಕೋಣ ನಡಿ."

ಭಾನುವಾರ ಪೂರ್ತಿ ಅಲೆದೆವು. ಶೆಡ್ಡಿನಿಂದ ಮುಕ್ಕಾಲು ಗಂಟೆ ನಡಿಗೆಯ ದೂರದಲ್ಲಿ, ಮೆಟ್ಟಿಲ ಪಕ್ಕ ಮಂಚದಗಲ ಕೆಂಪು ಮಣ್ಣಿದ್ದ ಮನೆಯೊಂದು ಸಿಕ್ಕಿತು. ಹೆಂಡತಿ ಒಳಗೆ ಹೋಗಲೇ ಇಲ್ಲ. ಚಪ್ಪಲಿ ಬಿಟ್ಟು ಆ ಮಣ್ಣಿನ ಮೇಲೆ ನಿಂತುಬಿಟ್ಟಳು. ನಾನು ಓನರಿಗೆ, "ಆಯ್ತು ಸಾರ್, ನಾವೇ ಬರ್ತೀವಿ," ಅಂದೆ. ಒಳಗೆ ಅಡುಗೆಮನೆ ಇದೆಯೋ ಇಲ್ಲವೋ ಅಂತ ನೋಡಿದ್ದು ಆಮೇಲೆ.