ಹೆಲ್ಪರ್ ಬ್ಯಾಡ್ಜು

ಬೊಮ್ಮಸಂದ್ರದ ನರ್ಸರಿ ಶಾಲೆಯೊಂದರಲ್ಲಿ ನಾನು ಟೀಚರ್ ಆಗಿದ್ದಾಗ, ಶಾಲೆ ನಡೆಸುವ ಮೇಡಂ ಯಾವುದೋ ತರಬೇತಿಗೆ ಹೋಗಿ ಜ್ಞಾನೋದಯ ಮಾಡಿಕೊಂಡು ಬಂದರು. ಚಿತ್ರಪುಸ್ತಕ ಓದಿ ಹೇಳಿದರೆ ಮಕ್ಕಳಿಗೆ ಪರೋಪಕಾರ ತಾನಾಗಿ ಬರುತ್ತದಂತೆ. ಕುಡಿದ ಕಾಫಿ ಲೋಟವನ್ನು ಒಂದು ದಿನವೂ ಸಿಂಕಿನವರೆಗೆ ಒಯ್ಯದವರು ಇದನ್ನು ಹೇಳುವಾಗ ನಾನು ಕಿಟಕಿಯ ಕಡೆ ನೋಡುತ್ತಿದ್ದೆ.

ಪುಸ್ತಕವೇನೋ ಬಂತು. ಅದರಲ್ಲೊಂದು ಮೊಲದ ಮರಿ. ಅದು ಅಮ್ಮನಿಗೆ ಒಂದು ಚಮಚ ಎತ್ತಿಕೊಟ್ಟರೆ ಇಡೀ ಕಾಡು ಚಪ್ಪಾಳೆ ತಟ್ಟುತ್ತದೆ. ನನ್ನ ತರಗತಿಯ ಅರ್ಧ ಮಕ್ಕಳು ಕಾರ್ಖಾನೆ ಕೆಲಸದವರ ಮನೆಯವರು, ನಲ್ಲಿ ಸಾಲಿನಲ್ಲಿ ಬಿಂದಿಗೆ ಕಾಯುವವರು. ಚಮಚಕ್ಕೇಕೆ ಚಪ್ಪಾಳೆ ಎಂದು ಅವರಿಗೆ ತಿಳಿಯಲಿಲ್ಲ. ಉಳಿದವರು ಅಪಾರ್ಟ್‌ಮೆಂಟಿನವರು, ಅವರಿಗೆ ಚಮಚ ತಾನಾಗಿ ಬಾಯಿಗೆ ಬರುತ್ತಿತ್ತು. ಪುಸ್ತಕದ ಬದನೆಕಾಯಿ ಎಂದರೆ ಇದೇ ಇರಬೇಕು. ಆದರೂ ಮೇಡಂ ಅಪ್ಪಣೆಯಂತೆ, ಊಟದ ತಟ್ಟೆಗಳನ್ನು ಎತ್ತಿಟ್ಟ ಮಗುವಿಗೆ ದಿನಾ ಒಂದು ಕೆಂಪು ಬ್ಯಾಡ್ಜು. ಅದರ ಮೇಲೆ 'ಹೆಲ್ಪರ್' ಎಂದು ಬರೆದಿತ್ತು.

ಮೊದಲು ಅದನ್ನು ಗಿಟ್ಟಿಸಿದವಳು ಒಬ್ಬ ಪುಟ್ಟ ಹುಡುಗಿ. ಅವಳ ತಾಯಿ ವಿಜಯಪುರದ ಕಡೆಯವಳು, ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ಕೆಲಸ. ಮಗಳು ಬ್ಯಾಡ್ಜು ಬಿಚ್ಚದೆಯೇ ಮಲಗಿದ್ದಳಂತೆ. ಮರುದಿನ ಬೆಳಿಗ್ಗೆ ತಾಯಿ ಅದನ್ನು ತಂದು ನನ್ನ ಮೇಜಿನ ಮೇಲಿಟ್ಟಳು.

"ಫ್ಯಾಕ್ಟರಿಯೊಳಗ ನಾ ಹೆಲ್ಪರ್ ಅದೀನ್ರಿ ಟೀಚರ್. ಆಕಿ ಆಗಬಾರದಂತ ಸಾಲಿಗೆ ಹಾಕೀನಿ. ನೀವು ಆಕಿ ಎದಿ ಮ್ಯಾಲೇ ಬರದು ಕಳಿಸೀರಿ."

ಹೊಸೂರು ರಸ್ತೆಯ ಫ್ಯಾಕ್ಟರಿ ಗೇಟುಗಳಲ್ಲೆಲ್ಲ 'ಹೆಲ್ಪರ್ ಬೇಕಾಗಿದ್ದಾರೆ' ಎಂಬ ಬೋರ್ಡು ನೇತಾಡುತ್ತಿರುತ್ತದೆ. ದಾರ ಕತ್ತರಿಸುವವಳು, ಬಟ್ಟೆಯ ಕಟ್ಟು ಹೊರುವವಳು, ಹೊಲಿಯುವವರಿಂದ ಹಿಡಿದು ಎಲ್ಲರ ಕೈಲೂ ಬೈಸಿಕೊಳ್ಳುವವಳು ಹೆಲ್ಪರ್. ಮೊಲಕ್ಕೆ ಇದು ಗೊತ್ತಿರಲಿಲ್ಲ, ಮೇಡಂಗೂ ಗೊತ್ತಿರಲಿಲ್ಲ.

ಆದರೆ ಮೇಡಂ ಬುದ್ಧಿವಂತೆ. ಮರುವಾರವೇ ಬ್ಯಾಡ್ಜಿನ ಮೇಲೆ 'ಲೀಡರ್' ಎಂದು ಅಚ್ಚು ಹಾಕಿಸಿ, ದಿನಕ್ಕೊಂದು ಮಗುವಿನ ಸರದಿ ಗೊತ್ತು ಮಾಡಿದರು. ಕೆಲಸ ಅದೇ, ಹೆಸರು ಬೇರೆ. ಕಂಪನಿಗಳು ಸಂಬಳ ಏರಿಸದೆ ಬಡ್ತಿ ಕೊಡುವ ಹಾಗೆ. ಆ ತಾಯಿಗೆ ಮಾತ್ರ ಹಿಡಿಸಲಾರದಷ್ಟು ಖುಷಿ. ಮಗಳು ಲೀಡರ್ ಆಗುವ ದಿನ ಅರ್ಧ ದಿನ ರಜೆ ಹಾಕಿ ಬಂದು, ತರಗತಿಯ ಬಾಗಿಲಲ್ಲಿ ನಿಂತಳು.

ಒಳಗೆ ಊಟ ಮುಗಿದಿತ್ತು. ಬ್ಯಾಡ್ಜು ತೊಟ್ಟ ಹುಡುಗಿ ತಟ್ಟೆ ಮುಟ್ಟಲಿಲ್ಲ. ಸೊಂಟದ ಮೇಲೆ ಕೈಯಿಟ್ಟು, ತಟ್ಟೆ ಎತ್ತುತ್ತಿದ್ದ ನಮ್ಮ ಆಯಾಳ ಮುಂದೆ ನಿಂತಳು.

"ಏಯ್, ಬೇಗ ಬೇಗ ಕೈ ಆಡ್ಸು. ಮಾಡಕ್ ಆಗಲ್ಲ ಅಂದ್ರೆ ಮನೇಲೇ ಬಿದ್ದಿರು."

ವಿಜಯಪುರದ ಮನೆಮಾತು ಬಿಟ್ಟು ಬೇರೆ ಬಾರದ ಮಗು ಅಪ್ಪಟ ಬೆಂಗಳೂರು ಕನ್ನಡದಲ್ಲಿ ಗದರುತ್ತಿತ್ತು. ನಾಯಕತ್ವದ ಗುಣ ಆಗಲೇ ಬಂದುಬಿಟ್ಟಿದೆ ಎಂದು, ನೋಡಲು ಬಂದಿದ್ದ ಮೇಡಂ ಹಿಗ್ಗಿದರು. ಆಯಾ ತಲೆಯೆತ್ತದೆ ತಟ್ಟೆ ಜೋಡಿಸುತ್ತಿದ್ದಳು.

ಬಾಗಿಲಲ್ಲಿ ತಾಯಿಯ ಮುಖ ಕಪ್ಪಿಟ್ಟಿತ್ತು. ಯಾರ ಮಾತಿದು ಎಂದು ಕೇಳಿದೆ.

"ನಮ್ಮ ಸೂಪರ್‌ವೈಸರ್ ನನಗ ಹಿಂಗ ಬೈತಾನ್ರಿ," ಅಂದಳು. "ಮನ್ಯಾಗ ಆಕಿನ್ನ ನಗಸಾಕ ನಾನೇ ಮಾಡಿ ತೋರಸ್ತಿದ್ದೆ."